ಮಗಳನ್ನು ನೋಡೋಕೆ ಬಿಡ್ತಿಲ್ಲ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಸಂಕಟದ್ದು. ಗಂಡ ಹೆಂಡತಿ ಬೇರೆಯಾಗಿದ್ದಾರೆ, ಮಗು ಒಬ್ಬರ ಹತ್ತಿರ ಇದೆ, ಇನ್ನೊಬ್ಬರ ಗತಿ ಏನು? ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಇಂಥ ಪ್ರಕರಣಗಳನ್ನೇ ನಡೆಸಿರುವ ನನಗೆ ಇವುಗಳನ್ನು ಬದಿಗಿಡಲು ಮನಸ್ಸು ಬರಲಿಲ್ಲ. ಖಾತೆ, ಪೋಡಿ, ಬಾಡಿಗೆ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಾಳಬೇಕು.

ಪ್ರಶ್ನೆ: ಮೇಡಂ, ನನಗೆ 34 ವರ್ಷ. ದಾಬಸ್‌ಪೇಟೆ ಹತ್ತಿರ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೆಂಡತಿ ಜಗಳ ಮಾಡಿಕೊಂಡು ತವರಿಗೆ, ಅರಸೀಕೆರೆಗೆ ಹೋಗಿ ವರ್ಷದ ಮೇಲಾಯಿತು. ಮಗಳಿಗೆ ನಾಲ್ಕು ವರ್ಷ. ಮೊದಲು ತಿಂಗಳಿಗೆ ಎಂಟು ಸಾವಿರ ಕಳಿಸುತ್ತಿದ್ದೆ. ನೋಡಲು ಹೋದರೆ ಮಾವ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದರು. ಆಮೇಲೆ ದುಡ್ಡು ನಿಲ್ಲಿಸಿದೆ. ಕೋರ್ಟಿಗೆ ಇನ್ನೂ ಯಾರೂ ಹೋಗಿಲ್ಲ. ಐದು ವರ್ಷ ತುಂಬಿದರೆ ಮಗು ತಾನಾಗಿಯೇ ಅಪ್ಪನಿಗೆ ಬರುತ್ತೆ ಅಂತ ಸ್ನೇಹಿತರು ಹೇಳ್ತಾರೆ. ಎಲ್‌ಕೆಜಿ ಬಿಡುವ ಹೊತ್ತಿಗೆ ಹೋಗಿ ಕರಕೊಂಡು ಬಂದುಬಿಡೋಣ ಅಂತಾನೆ ನಮ್ಮಣ್ಣ. ಏನು ಮಾಡಲಿ?
— ಒಬ್ಬ ತಂದೆ, ತುಮಕೂರು

ಉತ್ತರ: ತಮ್ಮಾ, ಮೊದಲು ನಿಮ್ಮ ಅಣ್ಣನಿಗೆ ಉತ್ತರ. ದಯವಿಟ್ಟು ಆ ಕೆಲಸ ಮಾಡಬೇಡಿ. ಶಾಲೆ ಬಾಗಿಲಲ್ಲಿ ಕೂಗಾಟ ಆಗುತ್ತದೆ, ಅವರು ಪೊಲೀಸ್ ಠಾಣೆಗೆ ಓಡುತ್ತಾರೆ. ನಾಳೆ ನೀವು ನ್ಯಾಯಾಧೀಶರ ಮುಂದೆ ನಿಂತಾಗ ಎದುರು ಕಡೆಯ ವಕೀಲರು ಎತ್ತುವ ಮೊದಲ ಮಾತೇ ಅದಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವರ್ಷದಿಂದ ನಿಮ್ಮ ಮುಖ ಸರಿಯಾಗಿ ನೋಡದ ಮಗು ಅದು. ಅಪ್ಪ ಅಂದ ಕೂಡಲೇ ಆ ದಿನದ ಗಲಾಟೆಯೇ ನೆನಪಿಗೆ ಬರುವಂತಾದರೆ, ಅದನ್ನು ಯಾವ ಆದೇಶವೂ ಸರಿಮಾಡುವುದಿಲ್ಲ.

ಇನ್ನು ಐದು ವರ್ಷದ ಮಾತು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ಹೇಳುವುದು ಇಷ್ಟೇ: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಐದು ತುಂಬಿದ ಮರುದಿನ ಅಪ್ಪನಿಗೆ ಒಪ್ಪಿಸಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಕಲಂ ಪ್ರಕಾರ ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. ಹಾಗಾಗಿ ನ್ಯಾಯಾಧೀಶರು ಕೇಳುವ ಪ್ರಶ್ನೆಗಳೇ ಬೇರೆ. ನೀವು ನೈಟ್ ಶಿಫ್ಟಿಗೆ ಹೋದಾಗ ಮಗುವಿಗೆ ಊಟ ಮಾಡಿಸಿ ಮಲಗಿಸುವವರು ಯಾರು? ಜ್ವರ ಬಂದರೆ ರಜೆ ಹಾಕುವವರು ಯಾರು? ಈಗಿರುವ ಶಾಲೆ, ಗೆಳತಿಯರು, ಅಜ್ಜಿ ಇವರಿಂದೆಲ್ಲ ಕಿತ್ತು ತರುವುದರಿಂದ ಮಗುವಿಗೆ ಸಿಗುವುದೇನು?

ನಿಮಗೆ ಬೇಸರವಾದರೂ ನೇರವಾಗಿ ಹೇಳುತ್ತೇನೆ. ನೀವು ಬರೆದಿರುವುದನ್ನು ಓದಿದರೆ, ತಾಯಿ ಮಗುವನ್ನು ಕಡೆಗಣಿಸಿದ್ದಾರೆ ಅನ್ನಿಸುವ ಒಂದು ಮಾತೂ ಇಲ್ಲ. ಈಗ ಪೂರ್ತಿ ಸುಪರ್ದಿಗೆ, ಅಂದರೆ ಮಗು ನಿಮ್ಮ ಬಳಿಯೇ ಇರಬೇಕು ಅಂತ ಹೊಡೆದಾಡಿದರೆ ವರ್ಷಗಳು ಹೋಗುತ್ತವೆ, ಕೈಗೆ ಸಿಗುವುದು ಕಡಿಮೆ. ನಿಮಗೆ ಇವತ್ತು ಬೇಕಾಗಿರುವುದು ಮಗಳ ಜೊತೆ ಸಮಯ. ಅದನ್ನು ಕೇಳಿ, ಗಟ್ಟಿಯಾಗಿ ಕೇಳಿ. ಅದು ಸಿಗುತ್ತದೆ.

ನಾಳೆಯೇ ಮಾಡಬೇಕಾದ ಕೆಲಸ ಒಂದಿದೆ. ನಿಲ್ಲಿಸಿದ ದುಡ್ಡನ್ನು ಮತ್ತೆ ಕಳಿಸಲು ಶುರು ಮಾಡಿ. ಕೈಯಲ್ಲಿ ಕೊಡಬೇಡಿ, ಬ್ಯಾಂಕ್ ಖಾತೆಗೋ ಯುಪಿಐ ಮೂಲಕವೋ ಹಾಕಿ, ‘ಮಗಳ ಖರ್ಚಿಗೆ’ ಅಂತ ಒಂದು ಸಾಲು ಬರೆಯಿರಿ. ನೋಡಲು ಬಿಡಲಿಲ್ಲ, ಅದಕ್ಕೇ ಕೊಡಲಿಲ್ಲ ಅನ್ನುವ ವಾದ ಕೋರ್ಟಿನಲ್ಲಿ ನಡೆಯುವುದಿಲ್ಲ. ಮಾವ ಬಾಗಿಲು ಹಾಕಿದ್ದಕ್ಕೆ ಮಗುವಿನ ಹಾಲು, ಔಷಧಿ, ಫೀಸು ಯಾಕೆ ನಿಲ್ಲಬೇಕು, ಅಲ್ವಾ? ಮಗಳನ್ನು ನೋಡಬೇಕು, ಇಂಥ ಭಾನುವಾರ ಇಷ್ಟು ಹೊತ್ತಿಗೆ ಬರಲೇ ಅಂತ ಹೆಂಡತಿಗೆ ಮರ್ಯಾದೆಯಿಂದ ಒಂದು ಮೆಸೇಜನ್ನೂ ಕಳಿಸಿ. ಉತ್ತರ ಬರದಿದ್ದರೂ ಅದು ದಾಖಲೆಯಾಗಿ ಉಳಿಯುತ್ತದೆ. ಬೈಗುಳ, ಹಳೇ ಲೆಕ್ಕ ಏನೂ ಬೇಡ. ಆ ಮೆಸೇಜನ್ನು ಮುಂದೆ ನ್ಯಾಯಾಧೀಶರು ಓದುತ್ತಾರೆ ಅಂದುಕೊಂಡೇ ಬರೆಯಿರಿ.

ಇಷ್ಟಕ್ಕೂ ದಾರಿ ಸಿಗದಿದ್ದರೆ ಅರ್ಜಿ. 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಡಿ ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿಯ ನ್ಯಾಯಾಲಯಕ್ಕೆ ಹೋಗಬೇಕು. ನಿಮ್ಮ ಮಗಳು ವರ್ಷದ ಮೇಲಿಂದ ಅರಸೀಕೆರೆಯಲ್ಲಿದ್ದಾಳೆ. ಹಾಗಾಗಿ ಅರ್ಜಿ ಹಾಸನ ಜಿಲ್ಲೆಯಲ್ಲಿ, ತುಮಕೂರಿನಲ್ಲಿ ಅಲ್ಲ. ಇದನ್ನು ತಪ್ಪಾಗಿ ಹಾಕಿ, ಯಾವ ಕೋರ್ಟು ಅನ್ನುವ ವಾದದಲ್ಲೇ ತಿಂಗಳುಗಟ್ಟಲೆ ಕಳೆದವರನ್ನು ನೋಡಿದ್ದೇನೆ. ಒಂದು ವೇಳೆ ನಿಮ್ಮಿಬ್ಬರ ಮದುವೆಯ ಪ್ರಕರಣವೇ ತುಮಕೂರಿನಲ್ಲಿ ಶುರುವಾದರೆ, ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಅದರಲ್ಲೇ ಮಗುವಿನ ವಿಷಯ ಕೇಳಬಹುದು. ಎರಡರಲ್ಲಿ ಯಾವುದೇ ಆದರೂ ಮುಖ್ಯ ಅರ್ಜಿಯ ಜೊತೆಗೇ ಭೇಟಿಗಾಗಿ ಮಧ್ಯಂತರ ಅರ್ಜಿ ಹಾಕಲು ವಕೀಲರಿಗೆ ಹೇಳಿ. ಕೇಸು ಮುಗಿಯುವವರೆಗೆ ಕಾಯಬೇಡಿ. ಅಷ್ಟರಲ್ಲಿ ಮಗಳು ಮೂರನೇ ಕ್ಲಾಸಿಗೆ ಬಂದಿರುತ್ತಾಳೆ.

ಕೋರ್ಟು ಸಾಮಾನ್ಯವಾಗಿ ನಿಮ್ಮಿಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸುತ್ತದೆ. ಸುಮ್ನೆ ಕಾಟಾಚಾರ ಅಂದುಕೊಂಡು ಹೋಗಬೇಡಿ. ಅಲ್ಲಿ ಆಡಿದ ಮಾತನ್ನು ಆಮೇಲೆ ನಿಮ್ಮ ವಿರುದ್ಧ ಬಳಸುವಂತಿಲ್ಲ. ಹಾಗಾಗಿ ಕೋರ್ಟ್ ಹಾಲಿನಲ್ಲಿ ಬಾಯಿಗೆ ಬರದ ಮಾತುಗಳು ಅಲ್ಲಿ ಬರುತ್ತವೆ. ಅವರ ಮನೆಯವರ ಹೆದರಿಕೆ ಏನು ಅಂತ ನಿಮಗೂ ಗೊತ್ತಾಗುತ್ತದೆ. ಎಷ್ಟೋ ಸಲ ಅದು ಒಂದೇ ಹೆದರಿಕೆ: ಇವನು ಕರಕೊಂಡು ಹೋದರೆ ವಾಪಸ್ ತರುವುದಿಲ್ಲ ಅನ್ನೋದು. ನಿಮ್ಮಣ್ಣನ ಯೋಚನೆ ನೋಡಿದರೆ ಆ ಹೆದರಿಕೆ ಪೂರ್ತಿ ಸುಳ್ಳು ಅನ್ನಲೂ ಆಗುವುದಿಲ್ಲ. ಮೊದಲ ಕೆಲವು ಭೇಟಿಗಳು ಅರಸೀಕೆರೆಯಲ್ಲೇ, ಅವರು ಒಪ್ಪುವ ಜಾಗದಲ್ಲೇ ಆಗಲಿ ಅಂತ ನೀವೇ ಮೊದಲು ಹೇಳಿ. ಆ ಒಂದು ಮಾತಿನಿಂದ ಎಷ್ಟೋ ಬಾಗಿಲು ತೆರೆಯುವುದನ್ನು ಕಂಡಿದ್ದೇನೆ.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ವಿಷಯ. ‘ತಂದೆಗೆ ಮಗುವನ್ನು ನೋಡುವ ಹಕ್ಕಿದೆ’ ಅಂತ ಒಂದು ಸಾಲಿನ ಒಪ್ಪಂದಕ್ಕೆ ಸಹಿ ಹಾಕಬೇಡಿ. ಅಂಥ ಸಾಲಿನಿಂದ ಪ್ರತಿ ವಾರವೂ ಹೊಸ ಜಗಳ ಹುಟ್ಟುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಇದನ್ನೇ ಹೇಳಿದೆ. ಮಗು ಒಬ್ಬರ ಸುಪರ್ದಿಯಲ್ಲಿದ್ದರೂ ಇನ್ನೊಬ್ಬರ ಒಡನಾಟ ತಪ್ಪಬಾರದು, ತೀರಾ ವಿಪರೀತ ಸಂದರ್ಭದಲ್ಲಿ ಮಾತ್ರ ಅದನ್ನು ನಿರಾಕರಿಸಬಹುದು, ಭೇಟಿ ಹೇಗೆ ಯಾವಾಗ ಅನ್ನುವುದನ್ನು ಆದೇಶದಲ್ಲಿ ಸ್ಪಷ್ಟವಾಗಿ ಬರೆಯಬೇಕು ಅಂತ. ಫೋನ್, ವಿಡಿಯೊ ಕಾಲಿನಲ್ಲಿ ಮಾತಾಡುವುದಕ್ಕೂ ಅದರಲ್ಲಿ ಜಾಗ ಕೊಟ್ಟಿದೆ.

ಹಾಗಾದರೆ ನಿಮ್ಮ ಕಾಗದದಲ್ಲಿ ಏನಿರಬೇಕು? ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ಎಲ್ಲಿ, ಯಾರ ಕೈಯಿಂದ ಕರಕೊಳ್ಳುವುದು, ಯಾರ ಕೈಗೆ ಒಪ್ಪಿಸುವುದು. ಆ ಹೊತ್ತಿನಲ್ಲಿ ನಿಮ್ಮ ಮಾವ, ನಿಮ್ಮಣ್ಣ ಇಬ್ಬರೂ ಇರದಿದ್ದರೆ ಒಳ್ಳೆಯದು. ತುಮಕೂರಿನಿಂದ ರೈಲಿದೆ, ತಿಪಟೂರು ದಾಟಿದರೆ ಅರಸೀಕೆರೆ. ಹಾಗಾಗಿ ಸದ್ಯಕ್ಕೆ ಓಡಾಟ ನಿಮ್ಮದೇ ಇರಲಿ, ಮಗುವಿನದಲ್ಲ. ನಿಮ್ಮ ಶಿಫ್ಟ್ ವಾರವಾರ ಬದಲಾಗುವುದಾದರೆ ಅದಕ್ಕೂ ಒಂದು ಸಾಲು ಬೇಕು: ಎಷ್ಟು ದಿನ ಮೊದಲು ತಿಳಿಸಬೇಕು, ತಪ್ಪಿದ ಭೇಟಿ ಯಾವಾಗ ತುಂಬಿಕೊಳ್ಳಬೇಕು. ಯುಗಾದಿ ಯಾರ ಮನೆಯಲ್ಲಿ, ಗೌರಿ ಗಣೇಶ ಯಾರ ಮನೆಯಲ್ಲಿ, ಮುಂದಿನ ವರ್ಷ ಅದಲುಬದಲಾ? ಹುಟ್ಟಿದ ಹಬ್ಬದ ದಿನ ಏನು? ದಸರಾ ರಜೆ, ಬೇಸಿಗೆ ರಜೆಯಲ್ಲಿ ಎಷ್ಟೆಷ್ಟು ದಿನ? ರಾತ್ರಿ ಉಳಿಯುವುದು ಯಾವ ವಯಸ್ಸಿನಿಂದ? ಮಗುವಿಗೆ ಹುಷಾರಿಲ್ಲದಿದ್ದರೆ ಯಾರು ಯಾರಿಗೆ, ಎಷ್ಟು ಬೇಗ ತಿಳಿಸಬೇಕು? ಶಾಲೆಯ ಪೋಷಕರ ಸಭೆಗೆ ನೀವೂ ಹೋಗಬಹುದೇ? ನಿಮ್ಮ ತಾಯಿಗೂ ಮೊಮ್ಮಗಳನ್ನು ನೋಡುವ ಆಸೆ ಇರುತ್ತದೆ. ಅವರು ಬರಬಹುದು ಅಂತಲೂ ಬರೆಸಿ. ಇದನ್ನೆಲ್ಲ ಬರೆಯಿಸುವಾಗ ಹುಚ್ಚು ಅನ್ನಿಸುತ್ತದೆ. ಆದರೆ ಬರೆದಿಟ್ಟ ಮೇಲೆ ನೀವು ಯಾರ ಹತ್ತಿರವೂ ಅಂಗಲಾಚಬೇಕಿಲ್ಲ.

ನಾಲ್ಕು ವರ್ಷದ ಮಗುವಿಗೆ ತಿಂಗಳಿಗೊಮ್ಮೆ ಇಡೀ ದಿನಕ್ಕಿಂತ ವಾರಕ್ಕೊಮ್ಮೆ ಎರಡು ಮೂರು ಗಂಟೆ ಒಳ್ಳೆಯದು. ಆ ವಯಸ್ಸಿಗೆ ತಿಂಗಳು ಅಂದರೆ ಮುಗಿಯದ ಕಾಲ. ಮೊದಲ ಸಲ ಅವಳು ನಿಮ್ಮ ಹತ್ತಿರ ಬರದೇ ಹೋಗಬಹುದು. ಎತ್ತಿಕೊಳ್ಳಲು ಹೋಗಬೇಡಿ, ಅಳಬೇಡಿ, ‘ಅಮ್ಮ ನಿನಗೆ ಏನು ಹೇಳಿಕೊಟ್ಟಿದ್ದಾಳೆ’ ಅಂತ ಕೇಳಲೇಬೇಡಿ. ಪಕ್ಕದಲ್ಲಿ ಕೂತು ಬಣ್ಣದ ಪೆನ್ಸಿಲಿನಲ್ಲಿ ಏನಾದರೂ ಬರೆಯುತ್ತಿರಿ. ಅವಳೇ ಬಂದು ಪೆನ್ಸಿಲ್ ಕಿತ್ತುಕೊಳ್ಳುತ್ತಾಳೆ.

ಪ್ರಶ್ನೆ: ಅಕ್ಕಾರ, ಡೈವೋರ್ಸ್ ಆಗಿ ಒಂದೂವರೆ ವರ್ಷ. ಮಗ ನನ್ನ ಹತ್ತಿರ ಇದ್ದಾನೆ, ಏಳು ವರ್ಷ. ತಿಂಗಳಿಗೆ ಎರಡು ಶನಿವಾರ ಕೋರ್ಟಿನ ಮಕ್ಕಳ ಕೋಣೆಯಲ್ಲಿ ತಂದೆ ನೋಡಬೇಕು ಅಂತ ಆದೇಶ ಇದೆ. ಶುಕ್ರವಾರ ರಾತ್ರಿಯಿಂದಲೇ ಹುಡುಗ ಹೊಟ್ಟೆನೋವು ಅಂತ ಅಳ್ತಾನೆ. ಅವರು ಜೀವನಾಂಶವನ್ನೂ ಎಂಟು ತಿಂಗಳಿಂದ ಕೊಟ್ಟಿಲ್ಲ. ನಾನು ಕಳಿಸೋದು ನಿಲ್ಲಿಸಬಹುದಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ನಿಲ್ಲಿಸಬೇಡಿ. ತುಮಕೂರಿನ ಆ ತಂದೆಗೆ ಏನು ಹೇಳಿದೆನೋ ಅದನ್ನೇ ತಿರುಗಿಸಿ ನಿಮಗೂ ಹೇಳಬೇಕು. ದುಡ್ಡು ಬೇರೆ, ಭೇಟಿ ಬೇರೆ. ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ವಸೂಲಿ ಮಾಡುವಂತಿಲ್ಲ. ಆದೇಶ ಇದ್ದೂ ಕಳಿಸದಿದ್ದರೆ ನೀವೇ ಆದೇಶ ಮುರಿದವರಾಗುತ್ತೀರಿ. ಮುಂದೆ ಸುಪರ್ದಿಯನ್ನೇ ಬದಲಿಸಿ ಅಂತ ಅವರು ಕೇಳಲು ನೀವೇ ಕಾರಣ ಕೊಟ್ಟಂತಾಗುತ್ತದೆ.

ದುಡ್ಡಿಗೆ ಬೇರೆ ದಾರಿ ಇದೆ, ಅದೂ ಬೇಗ ಹಿಡಿಯಬೇಕಾದ ದಾರಿ. ನಿಮ್ಮ ಜೀವನಾಂಶದ ಆದೇಶ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅಥವಾ 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅಡಿ ಆಗಿದ್ದರೆ, ಬಾಕಿ ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಎಂಟು ತಿಂಗಳು ಆಗಲೇ ಆಗಿದೆ. ಇನ್ನು ತಡ ಮಾಡಬೇಡಿ. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ವಾರೆಂಟ್ ಹೊರಡಿಸಬಹುದು, ಜೈಲಿಗೂ ಕಳಿಸಬಹುದು. ಆದೇಶ ವಿಚ್ಛೇದನದ ಪ್ರಕರಣದಲ್ಲೇ ಆಗಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಆ ಆದೇಶವನ್ನು ಜಾರಿ ಮಾಡಿಸಿ ಅಂತ ಕೇಳುವ ಅರ್ಜಿ ಹಾಕಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಈಗ ಹೊಟ್ಟೆನೋವಿನ ವಿಷಯ. ಹುಡುಗ ನಾಟಕ ಆಡುತ್ತಿಲ್ಲ, ಅವನಿಗೆ ನಿಜವಾಗಿಯೂ ನೋಯುತ್ತಿರಬಹುದು. ಕಾರಣ ಏನು ಅಂತ ಹುಡುಕಬೇಕು. ನಾನು ನೋಡಿದ ಮಟ್ಟಿಗೆ ಎಷ್ಟೋ ಮಕ್ಕಳಿಗೆ ತಂದೆಯ ಮೇಲೆ ಸಿಟ್ಟಿರುವುದಿಲ್ಲ, ಆ ಜಾಗವೇ ಹಿಡಿಸುವುದಿಲ್ಲ. ಕಾರಿಡಾರ್ ತುಂಬ ಕರಿ ಕೋಟು, ಪೊಲೀಸರು, ಅಳುವ ದೊಡ್ಡವರು. ಕೋಣೆಯೊಳಗೆ ಮೂರು ಗೊಂಬೆ, ಪರಿಚಯ ಇಲ್ಲದ ಮಕ್ಕಳು. ಏಳು ವರ್ಷದ ಹುಡುಗ ಅಲ್ಲಿ ಅಪ್ಪನ ಜೊತೆ ಏನು ಮಾಡಬೇಕು? ಇನ್ನು ಕೆಲವರಿಗೆ ಕೈ ಬದಲಿಸುವ ಆ ಐದು ನಿಮಿಷವೇ ಹಿಂಸೆ. ಅಪ್ಪ ಅಮ್ಮ ಎದುರಾದ ಕೂಡಲೇ ಮಾತು ಬೆಳೆಯುತ್ತದೆ, ಮಗು ನಡುವೆ ನಿಂತಿರುತ್ತದೆ.

ಹೀಗಾಗಿದ್ದರೆ ಜಾಗ ಬದಲಿಸಿ ಅಂತ ನೀವೇ ಅರ್ಜಿ ಹಾಕಿ. ಉಣಕಲ್ ಕೆರೆ ಉದ್ಯಾನವೋ, ಇಬ್ಬರಿಗೂ ಬೇಕಾದ ನೆಂಟರ ಮನೆಯೋ ಆಗಬಹುದು. ಮಕ್ಕಳ ವಿಷಯದ ಆದೇಶ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನೂ ಬದಲಿಸಬಹುದು ಅಂತ ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ. ಅವನನ್ನು ಒಬ್ಬ ಮಕ್ಕಳ ಆಪ್ತ ಸಮಾಲೋಚಕರಿಗೆ ತೋರಿಸಿ. ಅವರು ಏನು ಹೇಳುತ್ತಾರೆ ಅನ್ನುವುದು ಅರ್ಜಿಗೂ ಬಲ ಕೊಡುತ್ತದೆ.

ಆದರೆ ಕಾರಣ ಬೇರೆಯದೇ ಆಗಿದ್ದರೆ? ಅಲ್ಲಿ ಹೊಡೆತ ಬೀಳುತ್ತಿದ್ದರೆ, ಕುಡಿದು ಬರುತ್ತಿದ್ದರೆ, ಯಾರಾದರೂ ಮೈ ಮುಟ್ಟಬಾರದ ಕಡೆ ಮುಟ್ಟಿದ್ದಾರೆ ಅನ್ನುವ ಸುಳಿವು ಸಿಕ್ಕಿದರೆ, ಮುಂದಿನ ಶನಿವಾರದವರೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಪೊಲೀಸರಿಗೆ ದೂರು ಕೊಡಿ, ಭೇಟಿ ತಡೆಹಿಡಿಯಲು ಅಥವಾ ಮೂರನೆಯವರ ಕಣ್ಣೆದುರೇ ನಡೆಸಲು ಅದೇ ದಿನ ಕೋರ್ಟನ್ನು ಕೇಳಿ. ಮಗನನ್ನು ವಿಚಾರಿಸುವಾಗ ಮಾತ್ರ ‘ಅಪ್ಪ ಹೊಡೆದನಾ?’ ಅಂತ ಬಾಯಿಗೆ ಉತ್ತರ ಇಡಬೇಡಿ. ‘ಅಲ್ಲಿ ನಿನಗೆ ಯಾವುದು ಇಷ್ಟ ಆಗಲ್ಲ?’ ಅಂತ ಕೇಳಿ ಸುಮ್ಮನಿರಿ.

ಪ್ರಶ್ನೆ: ಗಂಡ ಬಿಟ್ಟುಹೋಗಿ ಮೂರು ವರ್ಷ ಆಯಿತು, ಎಲ್ಲಿದ್ದಾನೆ ಗೊತ್ತಿಲ್ಲ. ಮಗಳ ಹೆಸರಲ್ಲಿ ಖಾತೆ ತೆರೆಯಲು ಹೋದರೆ ತಂದೆಯ ಸಹಿ ಬೇಕು ಅಂದರು. ಶಾಲೆಯಲ್ಲೂ ಅದೇ ಮಾತು. ನಾನು ಏನೂ ಅಲ್ಲವಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಖಂಡಿತ ಹೌದಮ್ಮ, ನೀವೇ ಅವಳ ಪೋಷಕಿ. 1956ರ ಕಾಯ್ದೆಯಲ್ಲಿ ಸಹಜ ಪೋಷಕ ತಂದೆ, ಅವನ ನಂತರ ತಾಯಿ ಅಂತ ಇದೆ ನಿಜ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನ ಬಾಂಡ್ ಅರ್ಜಿಗೆ ತಾಯಿಯಾಗಿ ಸಹಿ ಹಾಕಿದ್ದನ್ನು ರಿಸರ್ವ್ ಬ್ಯಾಂಕ್ ಒಪ್ಪದಿದ್ದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ತೀರ್ಪು ಬಂತು. ತಂದೆ ಸತ್ತ ಮೇಲೆ ಮಾತ್ರ ತಾಯಿಗೆ ಹಕ್ಕು ಅಂತ ಓದಬಾರದು, ತಂದೆ ಮಗುವಿನ ಹೊಣೆ ಹೊರದೆ ದೂರ ಇದ್ದಾಗಲೂ ತಾಯಿಯೇ ಸಹಜ ಪೋಷಕಿ ಅಂತ ಅದರ ಸಾರ. ನೀವು ಒಬ್ಬರೇ ಸಾಕುತ್ತಿದ್ದೀರಿ, ಗಂಡನ ವಿಳಾಸ ಗೊತ್ತಿಲ್ಲ ಅಂತ ಒಂದು ಅಫಿಡವಿಟ್ ಮಾಡಿಸಿ, ಮನವಿಯ ಜೊತೆ ಬ್ಯಾಂಕಿಗೂ ಶಾಲೆಗೂ ಕೊಡಿ. ಇಲ್ಲ ಅಂದರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಬಾಯಲ್ಲಿ ಇಲ್ಲ ಅಂದವರು ಬರೆದುಕೊಡಿ ಅಂದಾಗ ಎಷ್ಟೋ ಸಲ ನಿಯಮ ತೆಗೆದು ನೋಡುತ್ತಾರೆ. ಮುಂದೆ ಪಾಸ್‌ಪೋರ್ಟ್ ಬೇಕಾದರೂ, ಇನ್ನೊಬ್ಬ ಪೋಷಕರ ಒಪ್ಪಿಗೆ ಯಾಕೆ ಇಲ್ಲ ಅನ್ನುವ ಘೋಷಣೆ ಕೊಟ್ಟು ಅರ್ಜಿ ಹಾಕಲು ಅವಕಾಶ ಇದೆ.

ಪ್ರಶ್ನೆ: ಆಂಟಿ, ನಾನು 8ನೇ ಕ್ಲಾಸ್. ಅಜ್ಜಿ ಮನೆಗೆ ಈ ಪತ್ರಿಕೆ ಬರುತ್ತೆ. ಅಪ್ಪ ಅಮ್ಮನ ಕೇಸ್ ನಡೀತಿದೆ. ಮುಂದಿನ ಸಲ ಜಡ್ಜ್ ನನ್ನನ್ನು ಮಾತಾಡಿಸ್ತಾರಂತೆ. ಅಮ್ಮನ ಹತ್ತಿರ ಇರ್ತೀನಿ ಅಂದರೆ ಅಪ್ಪ ಅಳ್ತಾರೆ. ಅಪ್ಪನ ಹತ್ತಿರ ಅಂದರೆ ಅಮ್ಮ ಮಾತು ಬಿಡ್ತಾರೆ. ಅಪ್ಪ ಗೇರ್ ಸೈಕಲ್ ಕೊಡಿಸ್ತೀನಿ ಅಂದಿದ್ದಾರೆ. ನನಗೂ ತಂಗಿಗೂ ಬೇರೆ ಬೇರೆ ಮಾಡ್ತಾರಾ?
— ಮಂಡ್ಯದ ಹುಡುಗ

ಉತ್ತರ: ಪುಟ್ಟಾ, ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನಿನಗೆ ಗೊತ್ತಿರಬೇಕಾದ ವಿಷಯಗಳನ್ನು ಹೇಳುತ್ತೇನೆ, ಹೆದರಬೇಡ.

ಜಡ್ಜ್ ಸಾಮಾನ್ಯವಾಗಿ ನಿನ್ನನ್ನು ಎಲ್ಲರೆದುರು ಕಟಕಟೆಯಲ್ಲಿ ನಿಲ್ಲಿಸಿ ಕೇಳುವುದಿಲ್ಲ. ತಮ್ಮ ಕೋಣೆಗೆ ಕರೆಸಿಕೊಂಡು, ಕೂರಿಸಿ ಮಾತಾಡಿಸುತ್ತಾರೆ. ಆಗ ಅಪ್ಪ ಅಮ್ಮ, ವಕೀಲರು ಹೊರಗೇ ಇರುತ್ತಾರೆ. ಶಾಲೆ, ಕ್ರಿಕೆಟ್ಟು, ಊಟದ ಬಗ್ಗೆಯೇ ಮೊದಲು ಮಾತು. ಇಬ್ಬರಲ್ಲಿ ಒಬ್ಬರ ಹೆಸರು ಹೇಳಲೇಬೇಕು ಅಂತ ಯಾರೂ ನಿನ್ನನ್ನು ಬಲವಂತ ಮಾಡುವಂತಿಲ್ಲ. ‘ನನಗೆ ಇಬ್ಬರೂ ಬೇಕು’ ಅನ್ನುವುದೂ ಉತ್ತರವೇ. ‘ನನಗೆ ಆರಿಸೋಕೆ ಇಷ್ಟ ಇಲ್ಲ’ ಅನ್ನುವುದೂ ಉತ್ತರವೇ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಗಮನಕ್ಕೆ ತೆಗೆದುಕೊಳ್ಳಬಹುದು ಅಂತ ಕಾನೂನಿನಲ್ಲಿದೆ. ಆದರೆ ತೀರ್ಮಾನ ಮಾಡುವುದು ಜಡ್ಜ್, ನೀನಲ್ಲ. ಆ ಭಾರ ನಿನ್ನದಲ್ಲ.

ಸೈಕಲ್ ವಿಷಯ ಜಡ್ಜ್ ಕೇಳಿದರೆ ಇದ್ದದ್ದು ಇದ್ದಹಾಗೆ ಹೇಳು. ಇಬ್ಬರೂ ನಿನಗೆ ಏನೇನು ಹೇಳಿಕೊಟ್ಟಿದ್ದಾರೆ ಅನ್ನುವುದನ್ನೂ ಹೇಳಬಹುದು. ಅದು ಚಾಡಿ ಅಲ್ಲ. ನೀನು ಆಡಿದ ಮಾತು ಅಪ್ಪ ಅಮ್ಮನಿಗೆ ತಿಳಿಯಬಾರದು ಅನ್ನಿಸಿದರೆ ಅದನ್ನೂ ಮೊದಲೇ ಜಡ್ಜ್‌ಗೆ ಹೇಳು.

ತಂಗಿಯ ಬಗ್ಗೆ ಕೇಳಿದ್ದೀಯ. ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಜೊತೆಯಲ್ಲೇ ಇಡಬೇಕು ಅಂತಲೇ ಕೋರ್ಟುಗಳು ನೋಡುತ್ತವೆ. ‘ಎಲ್ಲಿದ್ದರೂ ತಂಗಿ ಜೊತೆ ಇರಬೇಕು’ ಅನ್ನುವುದು ನಿನ್ನ ಮನಸ್ಸಿನಲ್ಲಿದ್ದರೆ ಮೊದಲು ಆ ಮಾತು ಹೇಳು. ಇನ್ನೊಂದು ಗೊತ್ತಾ? ಒಬ್ಬರೇ ಗೆಲ್ಲಬೇಕು ಅಂತಿಲ್ಲ. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ 12 ವರ್ಷದ ಒಬ್ಬ ಹುಡುಗನ ಪ್ರಕರಣದಲ್ಲಿ ವರ್ಷದ ಮೊದಲ ಆರು ತಿಂಗಳು ಅಪ್ಪನ ಬಳಿ, ಉಳಿದ ಆರು ತಿಂಗಳು ಅಮ್ಮನ ಬಳಿ ಅಂತ ಆದೇಶ ಮಾಡಿತು. ಎಲ್ಲರಿಗೂ ಅದೇ ಹೊಂದಬೇಕು ಅಂತಲ್ಲ. ಇಬ್ಬರ ಮನೆಯೂ ಒಂದೇ ಊರಿನಲ್ಲಿದ್ದು ಒಂದೇ ಶಾಲೆಗೆ ಹೋಗುವಂತಿದ್ದರೆ ಮಾತ್ರ ಅದು ಸುಲಭ ಅನ್ನುವುದು ನನ್ನ ಅನಿಸಿಕೆ.

ಈ ಪುಟವನ್ನು ನಿನ್ನ ಅಪ್ಪ ಅಮ್ಮ ಓದುತ್ತಿದ್ದರೆ ಅವರಿಗೊಂದು ಮಾತು. ನಿಮ್ಮ ಮಗ ಇಬ್ಬರ ಕಣ್ಣೀರಿನ ಲೆಕ್ಕವನ್ನೂ ತಾನೇ ಹೊತ್ತುಕೊಂಡು ಕೂತಿದ್ದಾನೆ. ಕೋರ್ಟಿಗೆ ಹೋಗುವ ಮುಂಚೆ ಇಬ್ಬರೂ ಅವನನ್ನು ಕರೆದು ‘ನೀನು ಏನು ಹೇಳಿದರೂ ನಮಗೆ ಬೇಜಾರಿಲ್ಲ’ ಅನ್ನಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.

ಪುಟ್ಟಾ, ಆ ದಿನ ಅಜ್ಜಿಯನ್ನೂ ಜೊತೆಗೆ ಕರಕೊಂಡು ಹೋಗು. ಕಾಯುವುದು ಬಹಳ ಹೊತ್ತಾಗಬಹುದು, ತಿಂಡಿ ಮತ್ತು ಓದಲು ಒಂದು ಪುಸ್ತಕ ಇಟ್ಟುಕೊ. ಅವತ್ತು ನಿನಗೆ ಪರೀಕ್ಷೆ ಇದ್ದರೆ ಈಗಲೇ ಅಮ್ಮನ ವಕೀಲರಿಗೆ ತಿಳಿಸು, ಬೇರೆ ದಿನ ಕೊಡಿ ಅಂತ ಅವರು ಕೋರ್ಟನ್ನು ಕೇಳುತ್ತಾರೆ.